ಕುರ್ಚಿಯ ಮೇಲಿನ ಅಂಗಿ

ನವೆಂಬರ್ ೪, ಸೋಮವಾರ

ಕೆಲಸಕ್ಕೆ ಸೇರಿದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಮೊದಲು ನಕ್ಕಳು. "ನೀನು, ಪೊಲೀಸ್ ಠಾಣೆಗೆ? ಚಿಕ್ಕವಳಿದ್ದಾಗ ಅಂಚೆಯವನು ಬಂದ್ರೆ ಬಾಗಿಲ ಹಿಂದೆ ಬಚ್ಚಿಟ್ಕೊಳ್ತಿದ್ದೆ. ಪೊಲೀಸರ ಮುಂದೆ ಏನು ಮಾತಾಡ್ತೀಯೇ ಮಹರಾಯ್ತಿ?" ಮಾತಾಡುವ ಕೆಲಸವಲ್ಲಮ್ಮ, ನೋಡಿ ಬರೆಯುವ ಕೆಲಸ ಎಂದೆ. ಜಾಹೀರಾತಿನಲ್ಲಿಯೂ ಹಾಗೇ ಇತ್ತು: ಕಾನೂನು ತಿಳಿದಿರಬೇಕಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆಯಲು ಬರಬೇಕು. ಸಾಹಿತ್ಯ ಓದಿದವಳಿಗೆ ಇಂಥ ಜಾಹೀರಾತು ಜನ್ಮಕ್ಕೊಂದು ಸಲ ಸಿಗುತ್ತದೆ.

ನಮ್ಮದು ಸ್ವತಂತ್ರ ಮಂಡಳಿ. ಸರ್ಕಾರಿ ಆಸ್ಪತ್ರೆ, ಪಡಿತರ ಕಚೇರಿ, ಪೊಲೀಸು, ಇವುಗಳ ಬಾಗಿಲಲ್ಲಿ ಗದರಿಸಿಕೊಂಡು ಹಿಂದಿರುಗಿದ ಬಡವರ ದೂರು ಕೇಳುವುದು ಅದರ ಕೆಲಸ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಠಾಣೆ ಭೇಟಿ. ಮುಂಚಿತವಾಗಿ ತಿಳಿಸದೆ ಹೋಗಬೇಕು. ಯಾವ ಹೊತ್ತಿಗೆ ಹೋದರೂ ಅವರು ಒಳಗೆ ಬಿಡಲೇಬೇಕು. ಕೂಡಿಹಾಕಿದವರನ್ನು ನೋಡಿ ಕೇಳಬೇಕಾದ್ದು ಮೂರೇ ಮಾತು: ಅನ್ನ ನೀರು ಕೊಟ್ಟರೇ, ಮನೆಯವರಿಗೆ ತಿಳಿಸಿದ್ದಾರೆಯೇ, ಮೈಗೆ ನೋವಾಗಿದೆಯೇ. ಏನು ತಪ್ಪು ಮಾಡಿ ಬಂದೆ ಎಂದು ಕೇಳುವ ಹಾಗಿಲ್ಲ. ಒಬ್ಬರೇ ಹೋಗುವ ಹಾಗೂ ಇಲ್ಲ. ನನ್ನ ಜೋಡಿ ಒಬ್ಬ ನಿವೃತ್ತ ನರ್ಸು; ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಾರೆ.

ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸಿಗುತ್ತದೆ. ಇವತ್ತು ಮುಟ್ಟಿ ನೋಡಿದೆ. ತಣ್ಣಗಿತ್ತು.

ನವೆಂಬರ್ ೧೨, ಮಂಗಳವಾರ

ಮೊದಲ ಭೇಟಿ. ಸಿಸ್ಟರ್ ಬರುವುದು ಊರಿನ ಆ ತುದಿಯಿಂದ, ಬಸ್ಸು ತಡ. ಠಾಣೆಯ ಎದುರು ಒಬ್ಬಳೇ ನಿಂತಿದ್ದೆ. ಗೇಟಿನ ಪೇದೆ ನನ್ನನ್ನೇ ನೋಡುತ್ತಿದ್ದ. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

"ಯಾಕೆ ಪುಟ್ಟಿ, ದೀಪದ ಕಂಬದ ಹಾಗೆ ನಿಂತಿದ್ದೀಯ? ಗಾಳಿ ಕೊರೀತಿದೆ, ಒಳಗೆ ಬಾ."

ಹಿಂದೆ ಒಂದು ಪುಟ್ಟ ಹೊಲಿಗೆ ಅಂಗಡಿ. ಪೊಲೀಸರ ಸಮವಸ್ತ್ರ ಹೊಲಿದು, ಸಡಿಲಿಸಿ, ಬಿಗಿ ಮಾಡಿ ಕೊಡುವ ಹೆಂಗಸು. ಅಮ್ಮನಿಗಿಂತ ಸ್ವಲ್ಪ ಚಿಕ್ಕವರಿರಬಹುದು. ಇದ್ದದ್ದು ಒಂದೇ ಕುರ್ಚಿ, ಅದರ ಮೇಲೊಂದು ಸಮವಸ್ತ್ರದ ಅಂಗಿ. ಅದನ್ನೆತ್ತಿ ಯಂತ್ರದ ಮೇಲೆ ಹಾಕಿಕೊಂಡು ನನ್ನನ್ನು ಕೂರಿಸಿದರು. ಯಾರು, ಎಲ್ಲಿಯವಳು, ಯಾಕೆ ಬಂದೆ, ಎಲ್ಲ ಕೇಳಿದರು. ಎಲ್ಲ ಹೇಳಿದೆ. ಈ ಊರಿಗೆ ಬಂದ ಮೇಲೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಠಾಣೆಯಲ್ಲಿ ಮಾತೆಲ್ಲ ಸಿಸ್ಟರದ್ದೇ. ಲಾಕಪ್ಪಿನಲ್ಲಿ ಇಬ್ಬರಿದ್ದರು. ಒಬ್ಬ ಕೆಮ್ಮುತ್ತಿದ್ದ. ನೀರಿನ ಕೊಡ ಖಾಲಿ. ಕಂಬಳಿಗಳಿಗೆ ಹಳೆಯ ಬೆವರಿನ ಹುಳಿ ವಾಸನೆ. ಬರೆದುಕೊಂಡೆ. ಹೊರಗೆ ಬಂದ ಮೇಲೆ ಸಿಸ್ಟರ್, "ಮುಂದಿನ ಸಲ ಒಂದು ಪ್ರಶ್ನೆನಾದ್ರೂ ನೀನು ಕೇಳು. ಯಾರೂ ಕಚ್ಚಲ್ಲ" ಎಂದರು.

ನವೆಂಬರ್ ೨೧, ಗುರುವಾರ

ನನ್ನ ವರದಿಗೆ ಫಲ ಸಿಕ್ಕಿದೆ! ಕಂಬಳಿ ಒಗೆದು ಮಡಿಸಿಟ್ಟಿದ್ದಾರೆ. ಕೊಡದ ತುಂಬ ನೀರು, ಮೇಲೊಂದು ಮುಚ್ಚಳ ಬೇರೆ. ಠಾಣೆಯ ರೈಟರ್, ಅಂದರೆ ಬರವಣಿಗೆ ನೋಡಿಕೊಳ್ಳುವ ಪೊಲೀಸಿನವರು, ಬಾಗಿಲಿಗೇ ಬಂದು, "ಬನ್ನಿ ಮೇಡಂ, ನೀವು ಬಂದ್ರೆ ಠಾಣೆಗೇ ಒಂದು ಕಳೆ" ಎಂದರು. ಮಾತಿಗೆ ಸಕ್ಕರೆ ಸವರುವ ಮನುಷ್ಯ.

ಇವತ್ತೂ ಸಿಸ್ಟರ್ ತಡ. ಹೊಲಿಗೆಯಕ್ಕ (ಹಾಗೆಂದೇ ಕರೆಯತೊಡಗಿದ್ದೇನೆ) ದೂರದಿಂದಲೇ ಕಂಡು ಕುರ್ಚಿ ಖಾಲಿ ಮಾಡಿದ್ದರು. ಅಂಗಿಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ, "ಬಾ ಬಾ, ಸಿಂಹಾಸನ ಸಿದ್ಧ ಇದೆ" ಎಂದರು. ನನಗಾಗಿ ಒಬ್ಬರು ಜಾಗ ಮಾಡಿಟ್ಟುಕೊಂಡು ಕಾಯುವುದು ಎಷ್ಟು ಸಣ್ಣ ವಿಷಯ. ಎಷ್ಟು ದೊಡ್ಡದು.

ಡಿಸೆಂಬರ್ ೬, ಶುಕ್ರವಾರ

ಪ್ರತಿ ಸಲ ಬೇರೆ ವಾರ, ಬೇರೆ ಹೊತ್ತು ಆರಿಸುತ್ತೇನೆ. ಇವತ್ತು ಬೆಳಿಗ್ಗೆಯೇ ಹೋದೆ. ಹಾಗಿದ್ದೂ ಠಾಣೆ ಅಚ್ಚುಕಟ್ಟು. ಬದಲಾವಣೆ ನಿಜವಾದದ್ದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಹೊಲಿಗೆಯಕ್ಕ ನನ್ನ ಸ್ವೆಟರಿನ ಗುಂಡಿ ಹಾಕಿಕೊಡುತ್ತ ಹೇಳಿದರು: "ಪೊಲೀಸರ ಹೊಟ್ಟೆ ನನಗೆ ಗೊತ್ತಿರೋ ಹಾಗೆ ಅವರ ಹೆಂಡ್ತಿಯರಿಗೂ ಗೊತ್ತಿಲ್ಲ. ಒಂದೊಂದು ಬಡ್ತಿಗೆ ಒಂದೊಂದು ಇಂಚು ಬಿಡಿಸ್ತೀನಿ. ಸಾಹೇಬ್ರಿಗಂತೂ ಇನ್ನು ಬಿಡಿಸೋಕೆ ಬಟ್ಟೆನೇ ಉಳಿದಿಲ್ಲ, ಅವರಿಗೆ ಬಡ್ತಿ ಬರಬಾರದು ಅಂತ ದೇವರಿಗೆ ಕೈ ಮುಗೀತೀನಿ."

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಮೊಳೆಯ ಮೇಲಿನ ಅಂಗಿ ಯಾವಾಗಲೂ ಅದೇ. ಜೇಬಿನ ಬಳಿ ಮಸಿ ಕಲೆ ಇದೆ. ಯಾರದ್ದು, ತೆಗೆದುಕೊಂಡು ಹೋಗುವುದಿಲ್ಲವೇ ಎಂದು ಕೇಳಿದೆ. "ಅಳತೆ ಕೊಟ್ಟು ಹೋದ, ಆಮೇಲೆ ಊದ್ಕೊಂಡ. ಈಗ ಅವನಿಗೆ ಹಿಡಿಸಲ್ಲ, ಬಿಸಾಡೋಕೆ ನನಗೆ ಮನಸ್ಸಿಲ್ಲ" ಎಂದರು. ನೂಲು ಕಡಿಯುವಾಗ ಅವರು ನನ್ನ ಮುಖ ನೋಡಲಿಲ್ಲ. ಸೂಜಿ ಕೆಲಸದವರ ಏಕಾಗ್ರತೆಯೇ ಬೇರೆ.

ಡಿಸೆಂಬರ್ ೧೮, ಬುಧವಾರ

ಭೇಟಿ ಇಲ್ಲ. ಅಂಗಡಿಯವನಿಗೆ "ಸೋಪು" ಎಂದದ್ದು ಬಿಟ್ಟರೆ ಇಡೀ ದಿನ ಬಾಯಿ ಬಿಡಲಿಲ್ಲ. ಅಮ್ಮ ಸಂಜೆ ಕೇಳಿದಳು, "ಗೆಳತಿಯರು ಸಿಕ್ಕಿದ್ರಾ?" ಒಬ್ಬರು ಸಿಕ್ಕಿದ್ದಾರೆ ಎಂದೆ. ಸುಳ್ಳೇನಲ್ಲ.

ಜನವರಿ ೨, ಗುರುವಾರ

ಇವತ್ತಿನ ವರದಿ ನಾನು ಬರೆದವುಗಳಲ್ಲೇ ಚೆಂದದ್ದು. ಲಾಕಪ್ಪಿನಲ್ಲಿ ಯಾರೂ ಇರಲಿಲ್ಲ. ನೆಲವನ್ನು ಆಗಷ್ಟೇ ತೊಳೆದಿದ್ದರು. ‘ಒದ್ದೆ ನೆಲದ ಮೇಲೆ ಕಿಟಕಿಯ ಬೆಳಕು ಒಗೆದ ಚಾದರದ ಹಾಗೆ ಹಾಸಿತ್ತು’ ಎಂದು ಬರೆದೆ. ಕಂಡದ್ದನ್ನು ಕಂಡ ಹಾಗೆ.

ಸಿಸ್ಟರ್ ಮೂಗು ಎಳೆದುಕೊಂಡು, "ಫಿನಾಯಿಲ್ ಘಮ ಘಮ ಅಂತಿದೆ. ದೊಡ್ಡ ಡಾಕ್ಟರು ರೌಂಡ್ಸಿಗೆ ಬರ್ತಾರೆ ಅಂದ್ರೆ ನಮ್ಮ ವಾರ್ಡೂ ಹೀಗೇ ಹೊಳೀತಿತ್ತು" ಎಂದು ನಕ್ಕರು. ನಾನೂ ನಕ್ಕೆ. ಇವತ್ತೂ ಪ್ರಶ್ನೆ ಕೇಳಲಿಲ್ಲ. ಕೇಳಲು ಒಳಗೆ ಯಾರೂ ಇರಲಿಲ್ಲವಲ್ಲ.

ಸ್ವೆಟರಿನ ಮೊಣಕೈ ಹರಿದಿತ್ತು. ಹೊಲಿಗೆಯಕ್ಕ ಬಲವಂತವಾಗಿ ಬಿಚ್ಚಿಸಿ ಇಟ್ಟುಕೊಂಡರು. "ತೇಪೆ ಹಾಕಿಡ್ತೀನಿ, ಮುಂದಿನ ಸಲ ಬಂದಾಗ ತಗೊಂಡು ಹೋಗು. ಅಂದ ಹಾಗೆ, ಮುಂದಿನ ಸಲ ಯಾವಾಗ?" ಗೊತ್ತಿದ್ದರೂ ಹೇಳುವ ಹಾಗಿಲ್ಲ ಅಕ್ಕ ಎಂದೆ. ಹೇಳದೆ ಇದ್ದದ್ದಕ್ಕೆ ಬೇಜಾರಾಯಿತು. ರಾತ್ರಿ ಪೂರ್ತಿ ಚಳಿ.

ಜನವರಿ ೧೩, ಸೋಮವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಂಡಳಿಯ ಸಭೆ. ಸೇತುವೆಯ ಕೆಳಗೆ ಬದುಕುವ, ಚಿಂದಿ ಆಯುವ ಹೆಂಗಸೊಬ್ಬಳ ದೂರು. ಊರಿನಲ್ಲಿ ಎಲ್ಲಿ ಕಳ್ಳತನವಾದರೂ ಮೊದಲು ಎಳೆದುಕೊಂಡು ಹೋಗುವುದು ಸೇತುವೆ ಕೆಳಗಿನವರನ್ನೇ. ಈ ಸಲ ಅವಳ ತಮ್ಮನನ್ನು. ನಮ್ಮ ಠಾಣೆಯವರು. ಕೇಸಿಲ್ಲ, ಕಾಗದವಿಲ್ಲ, ಹೊಡೆದು, ಮೂರು ದಿನ ಇಟ್ಟುಕೊಂಡು ಬಿಟ್ಟರಂತೆ. ಆ ಮೂರು ದಿನದ ನಡುವಿನದು ಜನವರಿ ಎರಡು.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಕೆಟ್ಟವರಲ್ಲ. ನನ್ನ ವರದಿ ತೆಗೆದು ಎಲ್ಲರೆದುರು ಓದಿದರು. ಒಗೆದ ಚಾದರದ ಹಾಗೆ ಹಾಸಿದ ಬೆಳಕು. ಒಳಗೆ ಯಾರೂ ಇರಲಿಲ್ಲ. "ನಮ್ಮವರೇ ಹೋಗಿ ನೋಡಿ ಬಂದಿದ್ದಾರಲ್ಲಮ್ಮ" ಎಂದರು.

ಆ ಹೆಂಗಸು ಹೇಳಿದಳು: "ಆ ನೆಲ ತೊಳೆಸಿದ್ದು ನನ್ನ ತಮ್ಮನ ಕೈಲೇ ಸ್ವಾಮಿ. ಇನ್ನೂ ಬಕೆಟ್ ಕೈಲಿತ್ತಂತೆ. ಯಾರೋ ‘ಅಂಗಿ ಬಂತು, ಅಂಗಿ ಬಂತು’ ಅಂತ ಕೂಗಿದ್ರಂತೆ. ಕೂಗಿದ್ದೇ ತಡ, ಕುತ್ತಿಗೆ ಹಿಡಿದು ಹಿಂದಿನ ಬಾಗಿಲಿಂದ ಜೀಪಿಗೆ ಹತ್ತಿಸಿ ಎಲ್ಲೆಲ್ಲೋ ಸುತ್ತಿಸಿ ಕತ್ತಲಾದ ಮೇಲೆ ವಾಪಸ್ ತಂದ್ರು."

"ಅಂಗಿ ಬಂತು ಅಂದ್ರೆ ಏನಮ್ಮ?"

"ನನಗೇನು ಗೊತ್ತು ಸ್ವಾಮಿ? ಅವನಿಗೂ ಗೊತ್ತಿಲ್ಲ."

ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಚಪ್ಪಲಿ ನೋಡುತ್ತ ಕೂತೆ. ಮುಂದಿನ ಸಭೆಯೊಳಗೆ ಹೊಸದೇನಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ದೂರು ಮುಗಿಸೋಣ ಎಂದು ಅಧ್ಯಕ್ಷರು ಎದ್ದರು. ಹೋಗುವಾಗ ನನ್ನ ಬಳಿ ನಿಂತು, "ಚೆನ್ನಾಗಿ ಬರೀತೀರಮ್ಮ" ಎಂದರು.

ಜನವರಿ ೧೪, ಮಂಗಳವಾರ

ಬಹುಶಃ ನಾನು ತಪ್ಪು ತಿಳಿದಿರಬಹುದು ಎಂದುಕೊಂಡು ಒಬ್ಬಳೇ ಹೋದೆ. ಭೇಟಿಗಲ್ಲ. ನೋಡಲು.

ಬೀದಿಯ ತಿರುವಿನಲ್ಲಿ ಹೊಲಿಗೆಯಕ್ಕ ನನ್ನನ್ನು ಕಂಡರು. ಕೈಯೆತ್ತಿ ನಕ್ಕರು. ಕುರ್ಚಿಯ ಮೇಲಿನ ಅಂಗಿ ಎತ್ತಿ ಹೊರಗಿನ ಮೊಳೆಗೆ ಹಾಕಿದರು. ನಾನು ನಡೆಯುತ್ತಲೇ ಠಾಣೆಯ ಕಡೆ ನೋಡಿದೆ. ಗೇಟಿನ ಪೇದೆ ಅಂಗಿ ನೋಡಿದ, ಒಳಗೆ ಹೋದ. ನಾನು ಅಂಗಡಿ ತಲುಪುವಷ್ಟರಲ್ಲಿ ಹಿಂದಿನ ಓಣಿಯಲ್ಲಿ ಜೀಪು ಶುರುವಾದ ಸದ್ದು.

ಕೂರಲಿಲ್ಲ.

"ಆ ಅಂಗಿ ಯಾಕೆ ಹೊರಗೆ ಹಾಕ್ತೀರಿ ಅಕ್ಕ?"

ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟರು.

"ನೀನು ಮೊದಲ ಸಲ ಬಂದು ಹೋದ ಮೇಲೆ ರೈಟರ್ ಬಂದಿದ್ದ. ‘ಆ ಹುಡುಗಿ ಬಂದಾಗ ಏನಾದ್ರೂ ಹೊರಗೆ ಹಾಕಕ್ಕ’ ಅಂದ. ಹಾಕ್ದೆ. ಅವರ ಬಟ್ಟೆ ನನ್ನ ಅನ್ನ, ಪುಟ್ಟಿ."

"ಒಳಗೆ ಜನ ಇರ್ತಾರೆ ಅಕ್ಕ."

"ನೀನು ಬರೋ ದಿನ ಒಳಗಿದ್ದೋರಿಗೆ ಒಗೆದ ಕಂಬಳಿ ಸಿಗತ್ತೆ, ಕುಡಿಯೋಕೆ ನೀರು ಸಿಗತ್ತೆ. ಇದರಿಂದ ಒಳ್ಳೇದೇ ಆಗ್ತಿದೆಯಲ್ಲ ಅಂತ ಅಂದ್ಕೊಂಡೆ. ಹಾಗಂದ್ಕೊಂಡ್ರೆ ನಿದ್ದೆ ಬರ್ತಿತ್ತು."

"ನನ್ನ ಕೂರಿಸಿಕೊಂಡು ಮಾತಾಡ್ತಿದ್ದಿದ್ದು?"

"ಅದನ್ನ ಯಾರೂ ಹೇಳಿಕೊಟ್ಟಿಲ್ಲ." ಅವರ ದನಿ ಏರಿತು. "ಈ ರಸ್ತೇಲಿ ನನ್ನ ಹತ್ರ ಬರೋರೆಲ್ಲ ಹೊಟ್ಟೆ ಅಳತೆ ಕೊಡೋಕೆ ಬರೋರು. ನೀನೊಬ್ಬಳೇ ಸುಮ್ಮನೆ ಕೂರೋಕೆ ಬರ್ತಿದ್ದೆ. ನಂಬು, ಬಿಡು."

ನಂಬಿದೆ. ಅದೇ ಕಷ್ಟ. ಸ್ವೆಟರ್ ಕೇಳುವುದು ಮರೆತು ಬಂದೆ.

ಜನವರಿ ೧೫, ಬುಧವಾರ

ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಸೇತುವೆ ಕೆಳಗಿನ ಆ ಅಕ್ಕ ಕೂತಿದ್ದಳು. ತಮ್ಮನನ್ನು ನಸುಕಿನಲ್ಲಿ ಮತ್ತೆ ಕರೆದುಕೊಂಡು ಹೋಗಿದ್ದಾರೆ. ದೂರು ಕೊಟ್ಟದ್ದಕ್ಕೇ ಇರಬೇಕು. ಅಳಲಿಲ್ಲ. "ನೀವು ನೋಡೋ ಕೆಲಸದೋರಂತಲ್ಲ. ಹಾಗಾದ್ರೆ ನೋಡಿ" ಎಂದಳು.

ಸಿಸ್ಟರಿಗೆ ಫೋನ್ ಮಾಡಿ, ಎಂದಿನ ನಿಲ್ದಾಣ ಬೇಡ, ಅದಕ್ಕೂ ಮುಂಚಿನದರಲ್ಲಿ ಇಳಿಯಿರಿ, ನಾನೂ ಅಲ್ಲಿಗೇ ಬರುತ್ತೇನೆ ಎಂದೆ. ನಡೆಯುತ್ತ ಅಂಗಿಯ ವಿಷಯ ಹೇಳಿದೆ. ಸಿಸ್ಟರ್ ಬಯ್ಯಲಿಲ್ಲ. "ತಡವಾಗಿ ಬರ್ತಿದ್ದವಳು ನಾನು ತಾನೆ" ಎಂದಷ್ಟೇ ಅಂದರು. ಠಾಣೆಯ ಮುಂಬಾಗಿಲಿಗೆ ಬೇರೆ ದಾರಿಯಿಲ್ಲ. ಆ ಬೀದಿಯಲ್ಲೇ, ಆ ಅಂಗಡಿಯ ಮುಂದೆಯೇ ಹೋಗಬೇಕು.

ಹೊಲಿಗೆಯಕ್ಕ ಬಾಗಿಲಲ್ಲೇ ಇದ್ದರು. ನಮ್ಮಿಬ್ಬರನ್ನೂ ನೋಡಿದರು. ಒಳಗೆ ಹೋಗಿ ಅಂಗಿ ಎತ್ತಿಕೊಂಡು ಬಂದರು. ನನ್ನ ಕಾಲು ನಿಂತುಹೋಯಿತು. ಅವರು ಮೊಳೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಅಂಗಿಯನ್ನು ಕುರ್ಚಿಯ ಮೇಲೆ ಹರವಿದರು, ತೋಳು ಎರಡೂ ಕಡೆ ಇಳಿಬಿದ್ದವು. ನಮ್ಮ ಕಡೆ ಬೆನ್ನು ಹಾಕಿ ಕೂತು ಯಂತ್ರ ತುಳಿಯತೊಡಗಿದರು.

ಗೇಟಿನ ಪೇದೆ ಕಣ್ಣು ಮುಚ್ಚಿಕೊಂಡು ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ನಾವು ಅವನನ್ನು ದಾಟಿ ಒಳಗೆ ಹೋದೆವು.

"ಏನ್ ಮೇಡಂ, ಹೇಳದೆ ಕೇಳದೆ?" ರೈಟರ್ ತಟ್ಟೆಯ ಮುಂದಿನಿಂದ ಎದ್ದರು.

"ಹೇಳಿ ಬರೋಕೆ ನಾವೇನು ನೆಂಟರಾ?" ಎಂದರು ಸಿಸ್ಟರ್.

ಲಾಕಪ್ಪು ಖಾಲಿ. ನೆಲ ಒಣಗಿತ್ತು, ಮೂಲೆಯಲ್ಲಿ ವಾಂತಿಯ ಕಲೆ. ಹಿಂಭಾಗದಲ್ಲಿ ಹಿಡಿದು ತಂದ ಸೈಕಲ್ ತುಂಬುವ ಕೋಣೆಯೊಂದಿದೆ, ಅದಕ್ಕೆ ಬೀಗ. ಒಳಗೆ ಸೈಕಲಿನ ಗಂಟೆ ಒಂದು ಸಲ ಸದ್ದು ಮಾಡಿತು. ಯಾರ ಮೈಯೋ ತಗುಲಿದ ಹಾಗೆ.

ಸಿಸ್ಟರಿಗೆ ಬೇಗ ನಡೆದು ಉಸಿರು ಸಿಕ್ಕಿಕೊಂಡಿತ್ತು, ಹಾಗಾಗಿ ಮಾತು ನಾನೇ ಆಡಬೇಕಾಯಿತು. ಬೀಗ ತೆಗೆಯಿರಿ ಎಂದೆ.

"ಕೀ ಸಾಹೇಬ್ರ ಹತ್ರ ಇದೆ ಮೇಡಂ. ಸಾಹೇಬ್ರು ಇಲ್ಲ."

"ಹಾಗಾದ್ರೆ ಇಲ್ಲೇ ಕಾಯ್ತೀವಿ" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಸಿಸ್ಟರ್ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕೀ ರೈಟರ ಜೇಬಿನಲ್ಲೇ ಸಿಕ್ಕಿತು.

ಅವನು ಸೈಕಲ್‌ಗಳ ನಡುವೆ ಕೂತಿದ್ದ. ನನಗಿಂತ ಚಿಕ್ಕವನು. ರೈಟರ ಮುಖ ನೋಡಿ ತಲೆ ತಗ್ಗಿಸಿದ. "ನೀವು ಆಚೆ ಹೋಗಿ" ಎಂದು ರೈಟರಿಗೆ ಹೇಳಿದೆ. ಹೋದರು.

ವರದಿ ಬರೆದು ಸಂಜೆಯೇ ಅಧ್ಯಕ್ಷರ ಮನೆಗೆ ಮುಟ್ಟಿಸಿದೆ. ಅದು ಇಷ್ಟೇ: ಅನ್ನ ಕೊಟ್ಟಿಲ್ಲ. ನೀರು ಕೊಟ್ಟಿಲ್ಲ. ಮನೆಯವರಿಗೆ ಹೇಳಿಲ್ಲ. ಬಲಗೈ ಬೆರಳು ಊದಿವೆ, ಮಡಚಲು ಆಗುತ್ತಿಲ್ಲ. ಬೀಗ ಹಾಕಿದ್ದರು.

ಜನವರಿ ೨೭, ಸೋಮವಾರ

ಸಭೆ. ಅವನನ್ನು ಮರುದಿನವೇ ಬಿಟ್ಟಿದ್ದರು, ಮಂಡಳಿಯ ಡಾಕ್ಟರು ನೋಡಿದ್ದಾರೆ. ಎರಡು ಬೆರಳು ಮುರಿದಿವೆ. ರೈಟರನ್ನೂ ಸಾಹೇಬರನ್ನೂ ವಿಚಾರಣೆಗೆ ಕರೆಯುತ್ತಾರೆ. ದೂರು ಮುಗಿಸುವ ಮಾತಿಲ್ಲ.

ಅಷ್ಟು ಸಲ ಹೋದರೂ ಯಾಕೆ ಕಾಣಲಿಲ್ಲ ಎಂದು ಅಧ್ಯಕ್ಷರು ಕೇಳಿದರು. ನಾನು ಪ್ರತಿ ಸಲ ಒಂದೇ ಕಡೆ ಕಾಯುತ್ತಿದ್ದೆ, ಅಲ್ಲಿಂದ ಅವರಿಗೆ ಗೊತ್ತಾಗುತ್ತಿತ್ತು ಎಂದೆ. ಅಂಗಿಯ ವಿಷಯ ಪೂರ್ತಿ ಹೇಳಿದೆ. ಸದಸ್ಯರೊಬ್ಬರು ಅಂಗಡಿಯವಳ ಬಗ್ಗೆ ಬರೆದುಕೊಳ್ಳತೊಡಗಿದರು. "ಹದಿನೈದನೇ ತಾರೀಖು ಅವರು ಅಂಗಿ ಹಾಕಲಿಲ್ಲ. ಅದನ್ನೂ ಬರ್ಕೊಳ್ಳಿ" ಎಂದೆ. ಅವರು ತಲೆಯೆತ್ತಿ ನೋಡಿದರು. ಬರೆದುಕೊಂಡರು.

ಭೇಟಿಗೆ ಹೋಗುವವರು ಠಾಣೆಯ ಆಸುಪಾಸಿನವರ ಜೊತೆ ಬಳಕೆ ಇಟ್ಟುಕೊಳ್ಳಬಾರದು ಎಂದು ಹೊಸ ನಿಯಮ. ನಮ್ಮಿಬ್ಬರನ್ನೂ ಬೇರೆ ಠಾಣೆಗೆ ಹಾಕಿದ್ದಾರೆ.

ಮೆಟ್ಟಿಲಲ್ಲಿ ಸೇತುವೆ ಕೆಳಗಿನ ಅಕ್ಕ ಸಿಕ್ಕಳು. ಏನಾದರೂ ಅನ್ನುತ್ತಾಳೆ ಎಂದು ನಿಂತೆ. "ಆ ಕೈಲೇ ಅವನು ಚಿಂದಿ ಆಯೋದು" ಎಂದಳು. ಹೋದಳು.

ಫೆಬ್ರವರಿ ೬, ಗುರುವಾರ

ಆ ಠಾಣೆ ಈಗ ನನ್ನದಲ್ಲ, ಹಾಗಾಗಿ ನಿಯಮ ಮುರಿದ ಹಾಗಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ಅಂಗಡಿಯ ಗೂಡುಗಳೆಲ್ಲ ಬರಿದು. ಠಾಣೆಯವರು ಬಟ್ಟೆಯನ್ನೆಲ್ಲ ವಾಪಸ್ ತೆಗೆದುಕೊಂಡಿದ್ದಾರೆ. ಹೊಲಿಗೆಯಕ್ಕ ದಿಂಬಿನ ಚೀಲ ಹೊಲಿಯುತ್ತಿದ್ದರು. ಕುರ್ಚಿಯ ಮೇಲೆ ಏನೂ ಇರಲಿಲ್ಲ. ಇಬ್ಬರೂ ಅದನ್ನು ನೋಡಿದೆವು.

"ದಿಂಬಿಗೆ ಹೊಟ್ಟೆ ಬೆಳೆಯಲ್ಲ, ಅದೊಂದು ಸುಖ" ಎಂದರು. ನಗಲಿಲ್ಲ. ಸ್ವೆಟರ್ ತೆಗೆದುಕೊಟ್ಟರು. ಮೊಣಕೈಗೆ ಸಮವಸ್ತ್ರದ ಬಟ್ಟೆಯ ತೇಪೆ, ಅಂಚಿನಲ್ಲಿ ಮಸಿಯ ಕಲೆ.

"ಅದೇ ಅಂಗಿ. ಬೇರೆ ಬಟ್ಟೆ ಇರಲಿಲ್ಲ."

ಎಷ್ಟಾಯಿತು ಎಂದು ಕೇಳಿದೆ. ಕೇಳಬಾರದಿತ್ತು. ಅವರು ಯಂತ್ರ ತುಳಿಯತೊಡಗಿದರು. ಆ ಸದ್ದಿನಲ್ಲಿ ಬೇರೆ ಮಾತು ಕೇಳುವ ಹಾಗಿರಲಿಲ್ಲ.

ಅಮ್ಮನ ಫೋನು ಬಂದಾಗ ಎತ್ತಲಿಲ್ಲ.

ಫೆಬ್ರವರಿ ೧೮, ಮಂಗಳವಾರ

ಹೊಸ ಠಾಣೆ. ಸಿಸ್ಟರ ಬಸ್ಸು ತಡ. ಠಾಣೆ ಕಾಣದಷ್ಟು ದೂರದಲ್ಲಿ, ರಸ್ತೆಯ ಅಂಚಿನಲ್ಲಿ ಕಾದೆ. ಸ್ವೆಟರ್ ಹಾಕಿಕೊಂಡಿದ್ದೆ. ನನ್ನ ಹಿಂದಿದ್ದ ಬೀಗ ರಿಪೇರಿ ಅಂಗಡಿಯ ಮುದುಕರೊಬ್ಬರು ಬಹಳ ಹೊತ್ತು ನೋಡಿ ಒಂದು ಸ್ಟೂಲು ಹೊರಗಿಟ್ಟರು. "ಕೂತ್ಕೊಳ್ಳಮ್ಮ. ಎಷ್ಟು ಹೊತ್ತು ನಿಂತಿರ್ತೀಯ? ಎಲ್ಲಿಗೆ ಹೋಗಬೇಕು?"

"ಇಲ್ಲ ತಾತ, ನಿಂತಿರ್ತೀನಿ" ಎಂದೆ. ಅವರು ಸ್ಟೂಲನ್ನು ಒಳಗೆ ತೆಗೆದುಕೊಂಡು ಹೋಗಲಿಲ್ಲ. ಅದು ನನ್ನ ಪಕ್ಕದಲ್ಲೇ ಇತ್ತು.

ಬಸ್ಸು ಬಂತು. ಒಳಗೆ ಹೋದೆವು. ಲಾಕಪ್ಪಿನಲ್ಲಿ ಮೂವರು. ಕೇಳಿದೆ, ಬರೆದುಕೊಂಡೆ. ಕಂಬಳಿ ಎರಡೇ. ನೆಲ ಒಣಗಿತ್ತು, ಗಲೀಜಾಗಿತ್ತು.